ಅಪ್ಪ-ಅಮ್ಮನ ಜತೆ ಬಸ್ಸಲ್ಲಿ ಮಾರ್ಕೆನ್, ವೊಲೆಂಡಾಮ್, ಎಡಾಮ್: ಒಂದೇ ದಿನಕ್ಕೆ ಆಗುತ್ತಾ?

ತುಮಕೂರು_ತಂಗಿ
ಎಲ್ಲರಿಗೂ ನಮಸ್ಕಾರ. ನಾನಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ, ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿ. ಅಪ್ಪ-ಅಮ್ಮ ಮೊದಲ ಸಲ ಬಂದಿದ್ದಾರೆ. ಟುಲಿಪ್ ತೋಟ ಆಯ್ತು, ಆಮ್‌ಸ್ಟರ್‌ಡಾಮ್ ಕಾಲುವೆಯಲ್ಲಿ ದೋಣಿ ಆಯ್ತು, ಗಾಳಿಗಿರಣಿ ಮುಂದೆ ಫೋಟೋನೂ ಆಯ್ತು. ಈಗ ಅಪ್ಪಂದು ಒಂದೇ ರಾಗ, "ಬಸ್ಸಲ್ಲಿ ಎಲ್ಲಿಗಾದ್ರೂ ಹೋಗೋಣ ಕಣಮ್ಮ." ಅವರು 31 ವರ್ಷ ಸಾರಿಗೆ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು. ಇಲ್ಲಿಗೆ ಬಂದಾಗಿನಿಂದ ಟ್ರಾಮ್, ಮೆಟ್ರೋ ಅಂತ ತಿರುಗಿಸಿದ್ದಕ್ಕೆ ಸ್ವಲ್ಪ ಮುನಿಸು ಬೇರೆ.

ನನ್ನ ಲೆಕ್ಕ ಹೀಗಿದೆ: ಬೆಳಿಗ್ಗೆ ಬ್ರೂಕ್ ಇನ್ ವಾಟರ್‌ಲಾಂಡ್, ಅಲ್ಲಿಂದ ಮೊನ್ನಿಕೆಂಡಾಮ್, ಮಾರ್ಕೆನ್, ವೊಲೆಂಡಾಮ್, ಎಡಾಮ್, ಸಂಜೆ ವಾಪಸ್. ಅಮ್ಮಂಗೆ ಮಂಡಿ ನೋವು, ಒಂದೇ ಸಮ ಅರ್ಧ ಗಂಟೆಗಿಂತ ಜಾಸ್ತಿ ನಡೆಯೋಕಾಗಲ್ಲ. ಪಕ್ಕಾ ಸಸ್ಯಾಹಾರಿ. ಕಾರಿಲ್ಲ. ಆಗೋ ಮಾತಾ ಇದು? ಹೋಗಿ ಬಂದವರು ಹೇಳಿ.

ಧಾರವಾಡ_ಪೇಡಾ
ಐದೂರು ಒಂದ ದಿನದಾಗ? ಬ್ಯಾಡ್ರಿ ತಂಗಿ. ನಾವೂ ಹೋದ ವರ್ಷ ಅತ್ತಿ-ಮಾವನ್ನ ಕರ್ಕೊಂಡು ಹಿಂಗ ಮಾಡಿದ್ವಿ. ಮೂರನೇ ಊರಿಗೆ ಹೋಗೂದ್ರಾಗ ಮಾವ ಬಸ್ ಸ್ಟಾಪಿನ ಬೆಂಚ್ ಮ್ಯಾಲೆ ಕುಂತು "ನೀವು ನೋಡ್ಕೊಂಡ್ ಬರ್ರಿ, ನಾ ಇಲ್ಲೇ ಇರ್ತೀನಿ" ಅಂದ್ರು. ಊರು ಸಣ್ಣವು ಖರೆ. ಆದ್ರ ಬಸ್ ಇಳಿಯೂದು, ಹತ್ತೂದು, ಕಾಯೂದು, ಗಾಳಿ, ಇದರಾಗ ಸುಸ್ತಾಗತೈತಿ. ಎರಡೂರು ಹಿಡೀರಿ. ಮೂರನೇದು ಆದ್ರ ಆತು, ಇಲ್ಲಾಂದ್ರ ಇಲ್ಲ.

ಹೇಗ್_ಹೆಗಡೆ
ಧಾರವಾಡದವರ ಮಾತಿಗೆ ನನ್ನದೂ ಒಂದು ಸೇರಿಸಿಕೊಳ್ಳಿ. ದಾರಿ ಹೇಳ್ತೀನಿ. ಮನೆಯಿಂದ 25ನೇ ಟ್ರಾಮಲ್ಲಿ ಆಮ್‌ಸ್ಟರ್‌ಡಾಮ್ ಜೌಡ್, ಅಲ್ಲಿಂದ 52ನೇ ಮೆಟ್ರೋ ಹಿಡಿದರೆ ಕೊನೇ ನಿಲ್ದಾಣವೇ ನೋರ್ಡ್. ಅಲ್ಲಿ ಮಾರ್ಕೆನ್‌ಗೆ 315 ಸಿಗುತ್ತೆ. ಆಮ್‌ಸ್ಟರ್‌ಡಾಮ್ ಸೆಂಟ್ರಾಲ್‌ನಿಂದ ಹೊರಡೋದಾದ್ರೆ ಸ್ಟೇಷನ್ನಿನ ಹಿಂಬದಿ, ನೀರಿನ ಕಡೆಗೆ, ಮೇಲಿನ ಅಂತಸ್ತಲ್ಲಿ ಬಸ್ ನಿಲ್ದಾಣ ಇದೆ. ವೊಲೆಂಡಾಮ್, ಎಡಾಮ್ ಕಡೆಗೆ 316 ಅಲ್ಲಿಂದ ಹೊರಡುತ್ತೆ. ಡಿಸೆಂಬರ್‌ನಲ್ಲಿ ಇಲ್ಲಿನ ವೇಳಾಪಟ್ಟಿ ಬದಲಾಗುತ್ತೆ, ಹಾಗಾಗಿ ಹಿಂದಿನ ರಾತ್ರಿ 9292 ಆಪಲ್ಲಿ ಒಮ್ಮೆ ನೋಡಿಕೊಳ್ಳಿ.

ನಾನಾಗಿದ್ರೆ ಮೊದಲು ಮಾರ್ಕೆನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ವೊಲೆಂಡಾಮ್‌ಗೆ ಬಂದು, ಬಸ್ಸಲ್ಲಿ ಎಡಾಮ್ ತಲುಪಿ, ಅಲ್ಲಿಂದ ವಾಪಸ್ ಹೊರಡ್ತಿದ್ದೆ. ದೋಣಿ ಸುಮಾರು ಅರ್ಧ ಗಂಟೆ. ಅಷ್ಟು ಹೊತ್ತು ಅಮ್ಮ ಕೂತೇ ಇರಬಹುದು. ಬಂದ ದಾರಿಯಲ್ಲೇ ವಾಪಸ್ ಹೋಗೋ ಬೇಜಾರೂ ಇಲ್ಲ. ದೋಣಿಗೆ ಬೇರೆ ಟಿಕೆಟ್, ಬಸ್ ಪಾಸ್ ನಡೆಯಲ್ಲ. ಚಳಿಗಾಲದಲ್ಲಿ ಅದರ ಓಡಾಟ ಕಮ್ಮಿ. ಈಗೇನು ತೊಂದರೆ ಇಲ್ಲ.

ಸೈಕಲ್_ಸ್ವಾಮಿ
ಎಲ್ಲರೂ ಯಾಕೆ ವೊಲೆಂಡಾಮ್ ವೊಲೆಂಡಾಮ್ ಅಂತೀರೋ. ದಡದ ಉದ್ದಕ್ಕೂ ಫ್ರಿಜ್ಜಿಗೆ ಅಂಟಿಸೋ ಮರದ ಚಪ್ಪಲಿ, ಮೀನಿನ ಅಂಗಡಿ, ಟೂರಿಸ್ಟ್ ಬಸ್ಸಿನಿಂದ ಇಳಿದ ಜಾತ್ರೆ. ಬ್ರೂಕ್‌ನಲ್ಲಿ ಇಳಿದು ನೋಡಿ. ಮರದ ಹಳೇ ಮನೆಗಳು, ತೆಳು ಬೂದು ಬಣ್ಣ, ಮಧ್ಯೆ ಒಂದು ಕೊಳ, ಜನವೇ ಇಲ್ಲ. ಆ ಊರು ಚೊಕ್ಕಟಕ್ಕೆ ಎಷ್ಟು ಹೆಸರುವಾಸಿ ಅಂದ್ರೆ 1811ರಲ್ಲಿ ನೆಪೋಲಿಯನ್ ಬಂದಾಗ ಅವನಿಗೂ ಬೂಟು ಬಿಚ್ಚಿಸಿದರು ಅಂತ ಕತೆ ಹೇಳ್ತಾರೆ.

ಚಕ್ಕುಲಿ_ಅಕ್ಕ
ಸ್ವಾಮಿಗಳೇ, ನಿಮ್ಮ ಬ್ರೂಕ್‌ನಲ್ಲಿ ಶೌಚಾಲಯ ಎಲ್ಲಿದೆ ಹೇಳಿ ನೋಡೋಣ? ವಯಸ್ಸಾದವರನ್ನ ಕರ್ಕೊಂಡು ಹೋಗೋರಿಗೆ ಜಾತ್ರೆ ಇರೋ ಊರೇ ವಾಸಿ. ಕೂರೋಕೆ ಜಾಗ ಇರುತ್ತೆ, ಬಿಸಿ ಚಾ ಸಿಗುತ್ತೆ, ಶೌಚಕ್ಕೆ ಹೋಗಬಹುದು. ಖಾಲಿ ಊರಿನ ಸೊಬಗು ಮೂವತ್ತರ ಒಳಗಿನವರಿಗೆ.

ತಂಗಿ, ನಾಣ್ಯ ಇಟ್ಕೊಂಡಿರು. ಬಹಳ ಕಡೆ ಶೌಚಾಲಯಕ್ಕೆ ದುಡ್ಡು ಕೊಡಬೇಕು. ಎಂಥ ಹೈಟೆಕ್ ದೇಶವಾದರೂ ಈ ವಿಷಯದಲ್ಲಿ ಮೆಜೆಸ್ಟಿಕ್ಕೇ.

ಊಟದ್ದು ಕೇಳು. ವೊಲೆಂಡಾಮ್ ದಡದಲ್ಲಿ ಫ್ರೀಟ್ (ಕರಿದ ಆಲೂಗಡ್ಡೆ) ತಗೊಳ್ಳೋ ಮುಂಚೆ ಎಣ್ಣೆ ಯಾವುದು ಅಂತ ಕೇಳು. ಮೀನಿನ ಕಿಬ್ಬೆಲಿಂಗ್ ಕರಿಯೋ ಅಂಗಡಿಯಲ್ಲಿ ಅದೇ ಬಾಣಲೆಗೆ ಆಲೂಗಡ್ಡೆನೂ ಬಿಟ್ಟಿರಬಹುದು. ಪೊಫರ್ಚಸ್ ನಮ್ಮ ಪಡ್ಡು ಥರಾನೇ ಕಾಣುತ್ತೆ. ಮೊಟ್ಟೆ ಹಾಕಿರ್ತಾರೆ, ಅಮ್ಮ ತಿನ್ನಲ್ಲ ಅಂದ್ರೆ ಬೇಡ. ಇನ್ನು ಚೀಸ್. ಸಾಂಪ್ರದಾಯಿಕ ಡಚ್ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಇವರು ಅದನ್ನ ಸ್ಟ್ರೆಮ್ಸೆಲ್ ಅಂತಾರೆ. ಸಸ್ಯಾಹಾರಿ ಹೆಪ್ಪು ಹಾಕಿದ್ದೂ ಧಾರಾಳವಾಗಿ ಸಿಗುತ್ತೆ. "ವೆಜೆಟಾರಿಸ್ ಸ್ಟ್ರೆಮ್ಸೆಲ್" ಅಂತ ಕೇಳಿದ್ರೆ ಅಂಗಡಿಯವರೇ ತೋರಿಸ್ತಾರೆ. ನಾನು ನಾಲ್ಕು ವರ್ಷ ಗೊತ್ತಿಲ್ಲದೆ ಚೀಸ್ ತಿಂದು, ಆಮೇಲೆ ಗೊತ್ತಾಗಿ ಒಂದು ವಾರ ನಮ್ಮತ್ತೆಗೆ ಮುಖ ತೋರಿಸಲಿಲ್ಲ. ಸುಮ್ಮನೆ ಬುತ್ತಿ ಕಟ್ಕೊಂಡು ಹೋಗು. ಚಪಾತಿ-ಪಲ್ಯ, ಮೊಸರನ್ನ ಸಾಕು.

ತುಮಕೂರು_ತಂಗಿ
ಅಕ್ಕ, ನಿಮಗೆ ಕೋಟಿ ನಮಸ್ಕಾರ. ಹೆಪ್ಪಿನ ವಿಷಯ ನಂಗೆ ಗೊತ್ತೇ ಇರಲಿಲ್ಲ. ಕಳೆದ ವಾರವಷ್ಟೇ ಅಮ್ಮಂಗೆ ಚೀಸ್ ಟೋಸ್ಟ್ ಮಾಡಿಕೊಟ್ಟೆ! ಇಲ್ಲಿ ಬರೆದಿದ್ದನ್ನ ಅವರಿಗೆ ಓದಿ ಹೇಳಲ್ಲ, ಅಷ್ಟೇ.

ಬಸ್ಸಲ್ಲಿ ದುಡ್ಡು ಕೊಡೋದು ಹೇಗೆ? ಅಪ್ಪ ಜೇಬಲ್ಲಿ ಚಿಲ್ಲರೆ ಜೋಡಿಸಿಕೊಳ್ತಿದ್ದಾರೆ.

ಹೇಗ್_ಹೆಗಡೆ
ಅವರ ಚಿಲ್ಲರೆ ಅಕ್ಕನ ಶೌಚಾಲಯಕ್ಕೆ ಇರಲಿ. ಬಸ್ಸಲ್ಲಿ ನಗದು ತಗೊಳ್ಳಲ್ಲ. ಹತ್ತುವಾಗ ಬ್ಯಾಂಕ್ ಕಾರ್ಡ್ ಯಂತ್ರಕ್ಕೆ ಮುಟ್ಟಿಸಬೇಕು, ಇಳಿಯುವಾಗ ಮತ್ತೆ ಮುಟ್ಟಿಸಬೇಕು. ಇಳಿಯುವಾಗಿನದು ಮರೆತರೆ ಹೋದ ದೂರಕ್ಕಿಂತ ಹೆಚ್ಚು ದುಡ್ಡು ಹೋಗಬಹುದು. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಲ್ಲಿ ಮೂವರು ಹೋಗೋ ಹಾಗಿಲ್ಲ. ಅಪ್ಪ-ಅಮ್ಮನ ಊರಿನ ಕಾರ್ಡ್ ನೆಚ್ಚಿಕೊಳ್ಳೋ ಬದಲು ಆಮ್‌ಸ್ಟರ್‌ಡಾಮ್ ಮತ್ತು ಸುತ್ತಲಿನ ಪ್ರದೇಶಕ್ಕೆಲ್ಲ ನಡೆಯೋ ದಿನದ ಪಾಸ್ ತಗೊಂಡುಬಿಡಿ. ಟ್ರಾಮ್, ಮೆಟ್ರೋ, ಈ ಹಳ್ಳಿ ಬಸ್ ಎಲ್ಲಕ್ಕೂ ಆಗುತ್ತೆ. ಬರೀ ನಗರಕ್ಕೆ ಸೀಮಿತವಾದ ಪಾಸೂ ಇದೆ, ಅದು ಈ ಬಸ್ಸುಗಳಿಗೆ ಆಗಲ್ಲ. ಕೊಳ್ಳುವಾಗ ಹುಷಾರು.

ಬಸ್ರೂರಿನವ
ಹ್ವಾಯ್, ನಮ್ಮೂರ್ ಸುದ್ದಿ ತೆಗಿದೆ ಇದ್ರೆ ನಂಗ್ ನಿದ್ರಿ ಬತ್ತಿಲ್ಲೆ. ಸ್ವಲ್ಪ ಸಹಿಸಿಕೊಳ್ಳಿ.

ಹೆಗಡೆಯವರು ದಾರಿ ಹೇಳಿದ್ರು. ಆದ್ರೆ ಅಪ್ಪ-ಅಮ್ಮಂಗೆ ಅಲ್ಲಿ ಏನು ತೋರಿಸ್ತೀರಿ? ಹಸಿರು ಮನೆ, ದೋಣಿ, ಅಷ್ಟೇ ಆದ್ರೆ ಫೋಟೋ ತೆಗೆದು ಮುಗೀತು. ಅಲ್ಲಿ ನೋಡಬೇಕಾದ್ದು ಈಗಿಲ್ಲದ ಸಮುದ್ರವನ್ನ. ಈ ಊರುಗಳೆಲ್ಲ ಜೌಡರ್‌ಜೇ ಅನ್ನೋ ಉಪ್ಪುನೀರಿನ ಕೊಲ್ಲಿಯ ಬಂದರುಗಳು. 1916ರ ಜನವರಿ 13–14ರ ರಾತ್ರಿ ಬಿರುಗಾಳಿಗೆ ಒಡ್ಡು ಒಡೆದು ಈ ಊರುಗಳಿರೋ ವಾಟರ್‌ಲಾಂಡ್ ಪ್ರದೇಶ ಮುಳುಗಿತು. ಮಾರ್ಕೆನ್ ಆಗ ದ್ವೀಪ, ಅಲ್ಲೇ 16 ಜನ ಸತ್ತರು. ಕೊಲ್ಲಿಯ ಬಾಯನ್ನೇ ಮುಚ್ಚಬೇಕು ಅಂತ ಕಾರ್ನೆಲಿಸ್ ಲೆಲಿ ಅನ್ನೋ ಎಂಜಿನಿಯರ್ ಅದಕ್ಕೂ ಎಷ್ಟೋ ವರ್ಷ ಮುಂಚೆ ಯೋಜನೆ ಮಾಡಿಟ್ಟಿದ್ದ. ನೆರೆ ಬಂದ ಮೇಲೆ ಎಲ್ಲರಿಗೂ ಅದು ನೆನಪಾಯ್ತು. 1918ರಲ್ಲಿ ಕಾಯ್ದೆ ಆಯ್ತು, 1932ರ ಮೇ 28ಕ್ಕೆ 32 ಕಿ.ಮೀ. ಉದ್ದದ ಆಫ್‌ಸ್ಲೌಟ್‌ಡೈಕ್ ಅನ್ನೋ ಒಡ್ಡು ಕೊಲ್ಲಿಯ ಬಾಯಿ ಮುಚ್ಚಿತು. ಒಳಗೆ ಉಳಿದ ನೀರು ನಿಧಾನಕ್ಕೆ ಸಿಹಿಯಾಯ್ತು. ಹೆರಿಂಗ್, ಆಂಚೊವಿ ಹೋದವು. ಸಿಹಿನೀರಲ್ಲೂ ಬದುಕೋ ಹಾವುಮೀನು ಉಳೀತು. ವೊಲೆಂಡಾಮ್ ದಡದಲ್ಲಿ ಹೊಗೆ ಹಾಕಿದ ಹಾವುಮೀನು ಮಾರ್ತಾರಲ್ಲ, ಅದೇ. ಆಮೇಲೆ 1976ರಲ್ಲಿ ಎಂಕ್‌ಹೌಜೆನ್‌ನಿಂದ ಲೆಲಿಸ್ಟಾಡ್‌ಗೆ ಇನ್ನೊಂದು ಒಡ್ಡು ಬಂತು, ಈ ಕಡೆಯ ನೀರಿಗೆ ಮಾರ್ಕರ್‌ಮೇರ್ ಅಂತ ಹೆಸರಾಯ್ತು.

ನಮ್ಮ ಕರಾವಳಿಯವರಿಗೆ ಇದು ಯೋಚನೆಗೇ ನಿಲುಕಲ್ಲ ಮಾರಾಯ್ರೆ. ಗಂಗೊಳ್ಳಿ ಬಂದರಿನ ಮುಂದೆ ಗೋಡೆ ಕಟ್ಟಿ, ನಾಳೆಯಿಂದ ಇದು ಕೆರೆ ಅಂತ ಮೀನುಗಾರರಿಗೆ ಹೇಳಿದ ಹಾಗೆ.

ಸೈಕಲ್_ಸ್ವಾಮಿ
ಚೆನ್ನಾಗಿ ಹೇಳಿದ್ರಿ. ಆದ್ರೆ ಗೋಡೆ ಕಟ್ಟದೆ ಇದ್ದಿದ್ರೆ ಇವತ್ತು ನಾವು ಕೂತಿರೋ ಜಾಗ ಎಷ್ಟೋ ನೀರಲ್ಲಿ ಇರ್ತಿತ್ತು. ಮೀನಿಗೆ ಅಳೋದಾ, ಮನೆಗೆ ಅಳೋದಾ?

ಬಸ್ರೂರಿನವ
ಎರಡಕ್ಕೂ ಅಳಬಹುದಲ್ಲ. ಜಾಗ ಇದೆ.

ಹೆಸರಿನದ್ದೂ ಹೇಳಿಬಿಡ್ತೇನೆ. ಡಾಮ್ ಅಂದ್ರೆ ನಮ್ಮ ಕಟ್ಟೆ. ಆಮ್‌ಸ್ಟೆಲ್ ಹೊಳೆಯ ಕಟ್ಟೆ ಆಮ್‌ಸ್ಟರ್‌ಡಾಮ್. 'ಎ' ಅನ್ನೋ ಸಣ್ಣ ಹೊಳೆಯ ಕಟ್ಟೆ ಎಡಾಮ್. ಸನ್ಯಾಸಿಗಳ ಕಟ್ಟೆ ಮೊನ್ನಿಕೆಂಡಾಮ್. ವೊಲೆಂಡಾಮ್ ಮೊದಲು ಎಡಾಮಿನದೇ ಬಂದರು. 1357ರಲ್ಲಿ ಎಡಾಮಿನವರು ಸಮುದ್ರಕ್ಕೆ ಹತ್ತಿರದ ಬೇರೆ ಕಾಲುವೆ ತೋಡಿಕೊಂಡು ಹಳೇ ಬಾಯಿ ತುಂಬಿಸಿಬಿಟ್ಟರು. ತುಂಬಿದ ಕಟ್ಟೆಯ ಮೇಲೆ ಮೀನುಗಾರರು, ರೈತರು ಬಂದು ನೆಲೆಸಿದರು. ತೆಕ್ಕಟ್ಟೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಸ್ರೂರು! 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ನಮ್ಮೂರಲ್ಲಿತ್ತು, ಅಕ್ಕಿಗೆ, ಮೆಣಸಿಗೆ. ಆಗ ಕೆಳದಿ ಅರಸರ ಕಾಲ. ಆ ಕಂಪನಿಗೆ ಆರು ಶಾಖೆಗಳು, ಅದರಲ್ಲಿ ಎರಡು ಈ ಬಸ್ ದಾರಿಯಿಂದ ಇನ್ನೂ ಉತ್ತರಕ್ಕಿರೋ ಹೋರ್ನ್ ಮತ್ತು ಎಂಕ್‌ಹೌಜೆನ್‌ನಲ್ಲಿ. ಎಡಾಮ್‌ನಿಂದ 314 ಹತ್ತಿದರೆ ಹೋರ್ನ್. ಇನ್ನೊಂದು ದಿನಕ್ಕೆ ಇಟ್ಕೊಳ್ಳಿ.

ಧಾರವಾಡ_ಪೇಡಾ
ಯಾವ ವಿಷಯ ಬಂದ್ರೂ ಬಸ್ರೂರು ಬಂದ ಬರತೈತಿ. ಹೋದ ತಿಂಗಳ ವಾಷಿಂಗ್ ಮಶೀನ್ ಬಗ್ಗೆ ಕೇಳಿದ್ದಕ್ಕೂ ಬಂದಿತ್ತು.

ತಂಗಿ, ಕೊಡೆ ಒಯ್ಯಬ್ಯಾಡ್ರಿ. ಆ ಗಾಳಿಗೆ ಕೊಡೆ ಉಲ್ಟಾ ಆಗತೈತಿ. ಟೊಪ್ಪಿಗೆ ಇರೋ ಮಳೆಕೋಟು ಒಯ್ರಿ. ಅವ್ವಾರ ಕಿವಿಗೆ ಸ್ಕಾರ್ಫ್ ಮರೀಬ್ಯಾಡ್ರಿ.

ಚಕ್ಕುಲಿ_ಅಕ್ಕ
ಮಾರ್ಕೆನ್‌ನಲ್ಲಿ ದೀಪಸ್ತಂಭದ ಆಸೆ ಬಿಡು. 1839ರದು, ನೋಡೋಕೆ ಚೆಂದ, ಆದ್ರೆ ಬಂದರಿನಿಂದ ಒಡ್ಡಿನ ಮೇಲೆ ದೂರ ನಡೀಬೇಕು, ಮಧ್ಯೆ ನೆರಳೂ ಇಲ್ಲ. ಅಮ್ಮಂಗೆ ಸಾಧ್ಯವಿಲ್ಲ. ಬಸ್ ಇಳಿದು ಚರ್ಚಿನ ಸುತ್ತಲಿನ ಓಣಿಗಳಲ್ಲಿ ನಿಧಾನಕ್ಕೆ ಬಂದರಿಗೆ ಹೋಗಿ ಕೂತುಬಿಡಿ.

ತುಮಕೂರು_ತಂಗಿ
ಸರಿ. ಬ್ರೂಕ್ ಮತ್ತು ಮೊನ್ನಿಕೆಂಡಾಮ್ ಬಸ್ಸಿನ ಕಿಟಕಿಯಿಂದ. (ಸ್ವಾಮಿಗಳು ಕ್ಷಮಿಸಬೇಕು.) ಮಾರ್ಕೆನ್, ದೋಣಿ, ವೊಲೆಂಡಾಮ್, ಸಾಧ್ಯವಾದ್ರೆ ಎಡಾಮ್. ನಾಡಿದ್ದು ಹೊರಡ್ತೀವಿ.

ತುಮಕೂರು_ತಂಗಿ (ನಾಲ್ಕು ದಿನದ ಮೇಲೆ)
ಹೋಗಿ ಬಂದ್ವಿ! ಉದ್ದ ಬರೀತೀನಿ, ಬೈಬೇಡಿ.

ನೋರ್ಡ್‌ನಲ್ಲಿ ಬಸ್ ಹತ್ತಿದ ಕೂಡಲೇ ಅಪ್ಪಂಗೆ ಸಂಕಟ ಶುರು. ಪಾಸ್ ಮುಟ್ಟಿಸಿದ್ವಿ, ಯಂತ್ರ 'ಪೀಂಕ್' ಅಂತು, ಅಷ್ಟೇ. "ಟಿಕೆಟ್ ಎಲ್ಲಿ? ಚೆಕಿಂಗ್‌ನವರು ಬಂದ್ರೆ ಏನ್ ತೋರಿಸ್ತೀಯ?" ಆ ಪೀಂಕೇ ಟಿಕೆಟ್ ಅಂದೆ. ಒಪ್ಪಲಿಲ್ಲ. ಡ್ರೈವರ್ ಹಿಂದಿನ ಸೀಟಲ್ಲಿ ಕೂತು, ಹತ್ತೋ ಪ್ರತಿಯೊಬ್ಬರ ಪೀಂಕ್ ಎಣಿಸ್ತಾ ಇದ್ರು. ಮೊನ್ನಿಕೆಂಡಾಮ್ ಹತ್ರ ನನ್ನ ಕಡೆ ಬಗ್ಗಿ "ಹದಿನಾಲ್ಕು ಜನ ಹತ್ತಿದ್ರು, ಹದಿಮೂರು ಪೀಂಕ್" ಅಂದ್ರು. ಪುಟ್ಟ ಮಗು ಅಪ್ಪ ಅದು, ಅದಕ್ಕೆ ಟಿಕೆಟ್ ಇಲ್ಲ ಅಂದ ಮೇಲೆ ಸಮಾಧಾನ. ಇಳಿಯೋರು ಒಬ್ಬೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯೋದು ನೋಡಿ ಮಾತ್ರ ತುಂಬ ಹೊತ್ತು ಸುಮ್ಮನಾಗಿಬಿಟ್ರು.

ಮೊನ್ನಿಕೆಂಡಾಮ್ ದಾಟಿ ಸ್ವಲ್ಪ ಹೊತ್ತಿಗೆ ಬಸ್ ನೀರಿನ ಮಧ್ಯೆ ಒಡ್ಡಿನ ಮೇಲೆ ಹೋಗುತ್ತೆ. 1957ರಲ್ಲಿ ಈ ದಾರಿ ಆಗೋವರೆಗೆ ಮಾರ್ಕೆನ್‌ಗೆ ದೋಣಿಯೇ ಗತಿ. ಅಮ್ಮ ಕಿಟಕಿಗೆ ಮುಖ ಒತ್ತಿಕೊಂಡು "ಎರಡೂ ಕಡೆ ನೀರು, ಮಾರ್ಕೋನಹಳ್ಳಿ ಡ್ಯಾಮ್ ಮೇಲೆ ಹೋದಂಗಿದೆ" ಅಂದ್ರು. ಮಾರ್ಕೆನ್‌ಗೆ ಮಾರ್ಕೋನಹಳ್ಳಿ! ಅಲ್ಲಿಂದ ಮುಂದೆ ದಿನವಿಡೀ ಆ ಊರಿಗೆ ಅದೇ ಹೆಸರು.

ಮನೆಗಳು ದಿಬ್ಬದ ಮೇಲೆ ಒತ್ತೊತ್ತಾಗಿವೆ, ಹಸಿರು ಹಲಗೆ, ಬಿಳಿ ಅಂಚು. ನೆರೆ ಬಂದ್ರೆ ನೀರು ಕೆಳಗೆ ಹರಿದುಹೋಗಲಿ ಅಂತ ಕೆಲವನ್ನ ಕಂಬಗಳ ಮೇಲೆ ಕಟ್ಟಿದ್ರಂತೆ. ಒಡ್ಡು ಬಂದ ಮೇಲೆ ಕಂಬಗಳ ನಡುವಿನ ಜಾಗಕ್ಕೂ ಗೋಡೆ ಹಾಕಿಕೊಂಡು ಕೋಣೆ ಮಾಡಿಕೊಂಡಿದ್ದಾರೆ. ಬಸ್ರೂರಿನವರೇ, ನಿಮ್ಮ ಕತೆ ಪೂರ್ತಿ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಬಂದರಿನ ಮೆಟ್ಟಿಲಲ್ಲಿ ಇಳಿದು, ಬಗ್ಗಿ, ನೀರಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಕೊಂಡ್ರು. "ಸಪ್ಪೆ" ಅಂದ್ರು. ಅಮ್ಮ ಮೇಲಿನಿಂದ "ಅಯ್ಯೋ ಕರ್ಮ, ಅದರಲ್ಲಿ ಬಾತುಕೋಳಿ ಇದೆ ಕಣ್ರೀ!" ಅಂತ ಕೂಗಿದ್ದು ಇಡೀ ಬಂದರಿಗೆ ಕೇಳಿಸಿರಬೇಕು.

ದೋಣಿಯಲ್ಲಿ ಮೊಸರನ್ನ ತಿಂದ್ವಿ. ಪಕ್ಕದಲ್ಲಿ ಕೂತಿದ್ದ ಡಚ್ ಅಜ್ಜಿ ಡಬ್ಬಿ ನೋಡಿ ಏನಿದು ಅಂದ್ರು. ಅಮ್ಮ ಕನ್ನಡದಲ್ಲೇ ಒಗ್ಗರಣೆವರೆಗೂ ವಿವರಿಸಿದ್ರು. ಅಜ್ಜಿ ಡಚ್‌ನಲ್ಲಿ ಉತ್ತರ ಕೊಟ್ರು. ಇಬ್ಬರೂ ತಲೆದೂಗಿಕೊಂಡ್ರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ವೊಲೆಂಡಾಮ್ ಜಾತ್ರೆಯೇ ಹೌದು ಸ್ವಾಮಿಗಳೇ. ಆದ್ರೆ ಅಕ್ಕ ಗೆದ್ರು. ಅಮ್ಮಂಗೆ ಇಡೀ ದಿನದಲ್ಲಿ ಇಷ್ಟವಾಗಿದ್ದೇ ಅದು. ದಡದ ಸ್ಟುಡಿಯೋದಲ್ಲಿ ಹಳೇ ಉಡುಪು ತೊಡಿಸಿ ಫೋಟೋ ತೆಗೀತಾರಲ್ಲ, ಮೊದಲು ಛೀ ಬೇಡ ಅಂದವರು ಹತ್ತು ನಿಮಿಷಕ್ಕೆ ಒಳಗಿದ್ರು. ಸೀರೆ ಮೇಲೇ ಪಟ್ಟೆ ಲಂಗ ಕಟ್ಟಿದ್ರು, ತಲೆಗೆ ಚೂಪು ಲೇಸಿನ ಟೋಪಿ, ಕೈಯಲ್ಲಿ ಟುಲಿಪ್ ಬುಟ್ಟಿ. ಕುಂಕುಮ ಮಾತ್ರ ಹಾಗೇ ಇತ್ತು. ಫೋಟೋ ಆಗಲೇ ತುಮಕೂರಿನ ಮೂರು ವಾಟ್ಸಾಪ್ ಗುಂಪಿಗೆ ಹೋಗಿದೆ.

ಎಡಾಮ್‌ಗೆ ಹೋಗೋ ಯೋಚನೆ ಬಿಟ್ಟಿದ್ದೆ, ಅಮ್ಮನ ಮಂಡಿ ನೋಡಿ. ಅವರೇ "ಬಸ್ಸಲ್ಲಿ ಕೂರೋದು ತಾನೆ, ನಡಿ" ಅಂದ್ರು. ಬಸ್ ನಿಲ್ದಾಣದಿಂದ ಊರೊಳಗೆ ಐದಾರು ನಿಮಿಷ. ಏನು ನಿಶ್ಶಬ್ದ! ವೊಲೆಂಡಾಮ್‌ನಿಂದ ಕೂಗಳತೆ ದೂರ ಅಂತ ನಂಬೋಕಾಗಲ್ಲ. ಅಲ್ಲಿನ ಮ್ಯೂಸಿಯಂ ಸುಮಾರು 1540ರ ಇಟ್ಟಿಗೆ ಮನೆ, ಅದರ ಕೆಳಗೆ ತೇಲುವ ನೆಲಮಾಳಿಗೆ ಇದೆ. ಇಟ್ಟಿಗೆಯ ತೊಟ್ಟಿಯೊಂದು ಅಂತರ್ಜಲದ ಮೇಲೆ ದೋಣಿ ಥರ ತೇಲ್ತಿದೆ. ನೀರು ಏರಿದ್ರೆ ತೊಟ್ಟಿಯೂ ಏರುತ್ತೆ, ನೆಲ ಒಡೆಯಲ್ಲ. ಅಮ್ಮ ಮೇಲೇ ಕೂತ್ರು. ಅಪ್ಪ, ನಾನು ಇಳಿದ್ವಿ. ಕಾಲಿಟ್ಟ ಕಡೆ ನೆಲ ಅಷ್ಟೇ ಅಷ್ಟು ಅಲುಗಿತು. ನಾನು ಗೋಡೆ ಹಿಡ್ಕೊಂಡೆ. ಅಪ್ಪ ಕಾಲು ಸ್ವಲ್ಪ ಅಗಲಿಸಿ, ಕೈ ಕಟ್ಟಿ, ನೆಟ್ಟಗೆ ನಿಂತ್ರು. "ಹಿಡ್ಕೊಳ್ಳೋದ್ಯಾಕೆ? ಮಂಡಿ ಸಡಿಲ ಬಿಡು. 31 ವರ್ಷ ಇಂಥದ್ರ ಮೇಲೇ ನಿಂತು ಚೀಟಿ ಹರಿದಿದ್ದೀನಿ."

ಚಕ್ಕುಲಿ_ಅಕ್ಕ
ನಿಮ್ಮಪ್ಪನ್ನ ನಮ್ಮನೆಗೆ ಒಂದಿನ ಕಳಿಸು ತಾಯಿ. ಚೀಸ್ ಏನಾಯ್ತು?

ತುಮಕೂರು_ತಂಗಿ
ಕೇಳಿದೆ ಅಕ್ಕ, ನೀವು ಹೇಳಿದ ಪದವನ್ನೇ. ಅಂಗಡಿಯಾಕೆ ಎರಡು ಬೇರೆ ತೆಗೆದಿಟ್ರು, ಒಂದು ಜೀರಿಗೆ ಹಾಕಿದ್ದು. ಅಮ್ಮಂಗೆ ಜೀರಿಗೆಯದು ಇಷ್ಟವಾಗಿ ಅರ್ಧ ಕೆಜಿ ತಗೊಂಡ್ರು. ಕೆಂಪು ಮೇಣದ ಉಂಡೆ ಎಲ್ಲಿ ಅಂತ ಅಪ್ಪ ಹುಡುಕ್ತಿದ್ರು. ಅದು ಹೆಚ್ಚಾಗಿ ಹೊರದೇಶಕ್ಕೆ ಹೋಗೋ ಸರಕು, ನಾವು ತಿನ್ನೋದು ಹಳದಿ ಸಿಪ್ಪೆಯದು ಅಂದ್ರು ಆಕೆ. ಜುಲೈ, ಆಗಸ್ಟ್‌ನಲ್ಲಿ ಬುಧವಾರ ಬೆಳಿಗ್ಗೆ ಬಂದ್ರೆ ಹಳೇ ಕಾಲದ ಥರ ಚೀಸ್ ಸಂತೆ ನಡೆಯುತ್ತಂತೆ. ಅಷ್ಟೊತ್ತಿಗೆ ಇವರು ಊರಿಗೆ ಹೋಗಿರ್ತಾರೆ.

ಹೇಗ್_ಹೆಗಡೆ
ಪಾಸ್ ಸರಿಯಾಗಿ ಕೆಲಸ ಮಾಡ್ತಾ?

ತುಮಕೂರು_ತಂಗಿ
ಅವರಿಬ್ಬರದು ಮಾಡಿತು. ನಾನೇ ಜಾಣತನ ತೋರಿಸಿ ನನಗೊಬ್ಬಳಿಗೆ ಪಾಸ್ ತಗೊಳ್ಳಲಿಲ್ಲ. ವಾಪಸ್ ಬಸ್ಸಲ್ಲಿ ಹತ್ತುವಾಗ ಮೊಬೈಲ್ ಮುಟ್ಟಿಸಿದೆ, ಇಳಿಯುವಾಗ ಕೈಗೆ ಸಿಕ್ಕಿದ್ದು ಪರ್ಸಲ್ಲಿದ್ದ ಕಾರ್ಡ್. ಬ್ಯಾಂಕ್ ಖಾತೆ ಒಂದೇ, ಆದ್ರೆ ಯಂತ್ರಕ್ಕೆ ಎರಡೂ ಬೇರೆ. ಒಂದು ಪ್ರಯಾಣ ಮುಗಿಯದೇ ಉಳೀತು, ಇನ್ನೊಂದು ಹೊಸದಾಗಿ ಶುರುವಾಯ್ತು. ಮನೆಗೆ ಬಂದು ನೋಡಿದ್ರೆ ಎರಡಕ್ಕೂ ದುಡ್ಡು ಹೋಗಿದೆ. ಅಪ್ಪಂಗೆ ಹೇಳಬಾರದಿತ್ತು. "ಕಂಡಕ್ಟರ್ ಇದ್ದಿದ್ರೆ ಇದಾಗ್ತಿತ್ತಾ?" ಅಂತ ಆ ರಾತ್ರಿ ಮೂರು ಸಲ ಕೇಳಿದ್ರು.

ಧಾರವಾಡ_ಪೇಡಾ
ಖರೇನ ಐತಲ್ರೀ ಅವರ ಮಾತು.

ಬಸ್ರೂರಿನವ
ಹೋರ್ನ್‌ಗೆ ಯಾವಾಗ?

ತುಮಕೂರು_ತಂಗಿ
ಶನಿವಾರ. 314ರ ವೇಳಾಪಟ್ಟಿನ ಅಪ್ಪ ಆಗಲೇ ಒಂದು ಹಾಳೆಗೆ ಇಳಿಸಿಕೊಂಡಿದ್ದಾರೆ, ನಿಲ್ದಾಣದ ಹೆಸರೆಲ್ಲ ಕನ್ನಡದಲ್ಲಿ. ನೀವೂ ಬರ್ತೀರಾ? ಬಂದ್ರೆ ಪಾಸ್ ತಗೊಂಡೇ ಬನ್ನಿ, ಅವರು ಪೀಂಕ್ ಎಣಿಸ್ತಾರೆ.